ರೇಷ್ಮೆ ವಾಷರು

ಕೊಳಾಯಿ ನಮ್ಮದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ರಾಮಮ್ಮ, ಅಂದರೆ ನಾನು, ಧಣಿಗಳ ಮನೆಯ ಕೊಳಾಯಿ ಕದ್ದಳು ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ, ನೀವೂ ಹೌದು ಅಂದುಕೊಳ್ಳುತ್ತೀರಿ. ಕದ್ದವರು ಯಾರು ಅಂತ ಪೂರಾ ಕೇಳಿ. ಆಮೇಲೆ ಬೈಯುವುದಿದ್ದರೆ ಬೈಯಿರಿ, ನನಗೇನು ಬೈಗುಳ ಹೊಸದಲ್ಲ.

ಕೊಳ್ಳೇಗಾಲ ಆಗಿನ್ನೂ ಮದರಾಸಿಗೆ ಸೇರಿತ್ತು. ಕಾಗದಪತ್ರ ಎಲ್ಲ ಕೊಯಮತ್ತೂರಿಗೆ ಹೋಗಿ ಬರಬೇಕು. ಹಾಗೆ ಹೋಗಿ ಬಂದ ಒಂದು ಕಾಗದದಲ್ಲಿ ನಮ್ಮ ಹೊಲಗೇರಿಗೆ ಒಂದು ಕೊಳಾಯಿ ಅಂತ ಬರೆದಿತ್ತಂತೆ. ಓದಿ ಹೇಳಿದವನು ಪೈಪು ಜೋಡಿಸುವ ಪಿಟ್ಟರ್ ಚಿನ್ನಸ್ವಾಮಿ, ಪಾಲಾರು ಹೊಳೆಯ ಆಚೆ ಕಡೆಯವನು. ಅವನ ಕೈಕೆಳಗೆ ನಾನೂ ನನ್ನ ಗಂಡ ಮಂಟೇಸ್ವಾಮಿಯೂ ಕೂಲಿಗಿದ್ದೆವು.

ಟ್ಯಾಂಕಿನಿಂದ ಪೇಟೆಯ ತನಕ ನೆಲ ಬರೀ ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಗುಂಡಿ ತೋಡಿದವರು ನಾವು. ಕಬ್ಬಿಣದ ಪೈಪು ಹೆಗಲ ಮೇಲೆ ಹೊತ್ತವರು ನಾವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದು ಕೊನೆಗೆ ಚರ್ಮವೇ ಹಲಗೆಯಾಯಿತು. ಮಂಟೇಸ್ವಾಮಿಯ ಬಲಗಾಲಿನ ಹೆಬ್ಬೆರಳ ಉಗುರು ಪೈಪಿನ ಅಡಿಗೆ ಸಿಕ್ಕಿ ಹೋಯಿತು, ಇವತ್ತಿಗೂ ಬಂದಿಲ್ಲ. ಒಂದು ಪೈಪಿಗೆ ಇನ್ನೊಂದನ್ನು ಸೇರಿಸುವಾಗ ನೀರು ಸೋರದ ಹಾಗೆ ಸೆಣಬು ಸುತ್ತುತ್ತಾರೆ. ಒಣ ಸೆಣಬು ಹಿಡಿಯುವುದಿಲ್ಲ, ಒದ್ದೆ ಮಾಡಬೇಕು. ನನ್ನ ಗಂಡ ಅದನ್ನು ಬಾಯಿಗೆ ಹಾಕಿಕೊಂಡು ಎಂಜಲಲ್ಲಿ ನೆನೆಸಿ ಸುತ್ತುತ್ತಿದ್ದ. ಊರಿನ ಮಡಿವಂತರೆಲ್ಲ ಕುಡಿದದ್ದು ಆ ಎಂಜಲು ದಾಟಿ ಬಂದ ನೀರನ್ನೇ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ನಮ್ಮ ಕೇರಿಯ ಮುಂದೆ ಬೇವಿನ ಮರದ ಬುಡದಲ್ಲಿ ಒಂದು ಮೊಳ ಪೈಪು ಮೇಲಕ್ಕೆ ಎಬ್ಬಿಸಿ, ಕೊಳಾಯಿ ಬರುವ ತನಕ ಇರಲಿ ಅಂತ ಅದರ ಬಾಯಿಗೆ ಕಬ್ಬಿಣದ ಬಿರಡೆ ತಿರುಗಿಸಿದರು. ಕೊಳಾಯಿ ಬಂತು. ಹಿತ್ತಾಳೆಯದು, ಬಿಸಿಲಿಗೆ ಹಿಡಿದರೆ ಮುಖ ಕಾಣುವಂಥದ್ದು. ಕೇರಿಯ ಹೆಂಗಸರೆಲ್ಲ ಬಂದು ದೂರದಿಂದ ನೋಡಿ ಹೋದರು.

ಅಷ್ಟರಲ್ಲಿ ನಮ್ಮ ಧಣಿ ಗುರುಮಲ್ಲಪ್ಪನವರು ಬಾಯಿ ಹಾಕಿದರು. ರೇಷ್ಮೆ ಗೂಡಿನ ವ್ಯಾಪಾರ, ಹೊಲ ಗದ್ದೆ, ಪಂಚಾಯ್ತಿಯಲ್ಲಿ ಕುರ್ಚಿ, ಎಲ್ಲ ಇದ್ದವರು. "ಹಿತ್ತಾಳೆ ಕೊಳಾಯಿ ಬೀದೀಲಿ ಮಡಗಿದ್ರೆ ಕಿತ್ಕಂಡೋಯ್ತವೆ. ನಮ್ಮ ಇತ್ಲಲ್ಲಿ ಭದ್ರವಾಗಿರ್ಲಿ. ಕೇರಿಯೋರ್ಗೆ ನೀರು ನಾವೇ ಉಯ್ಯಿಸ್ತೀವಿ" ಅಂದರು. ಪಂಚಾಯ್ತಿಯಲ್ಲಿ ಎಲ್ಲರೂ ತಲೆ ಆಡಿಸಿದರು. ನಮ್ಮ ಕೊಳಾಯಿ ಅವರ ಹಿತ್ತಲಿಗೆ ಹೋಗುವುದಕ್ಕೆ ಗುಂಡಿ ತೋಡಿದವರು ಯಾರು? ನಾವೇ. ಎಂಥ ಮುಂಡೇವು ನಾವು ಅಂತ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನೀರು ಉಯ್ಯುವ ಕೆಲಸ ಗುರುಮಲ್ಲಪ್ಪನವರ ತಾಯಿ ಚನ್ನಾಜಮ್ಮನವರದು. ನಾವು ಹಿತ್ತಲ ಬಾಗಿಲ ಹೊರಗೆ ಮಡಕೆ ಇಟ್ಟು ಹತ್ತು ಹೆಜ್ಜೆ ಹಿಂದಕ್ಕೆ ನಿಲ್ಲಬೇಕು. ಆಕೆ ಮೇಲಿನಿಂದ ಚೊಂಬಿನಲ್ಲಿ ಎತ್ತಿ ಹುಯ್ಯುತ್ತಿದ್ದರು. ಗುರಿ ಒಂಚೂರೂ ಇಲ್ಲ. ಅರ್ಧ ಮಡಕೆಗೆ, ಅರ್ಧ ಮಣ್ಣಿಗೆ. ಪೂಜೆಗೆ ಕೂತಿದ್ದರೆ ಕಾಯಬೇಕು. ಉಂಡು ಮಲಗಿದ್ದರೆ ಕಾಯಬೇಕು. ಮಲಗಿದವರು ಏಳುವ ಹೊತ್ತಿಗೆ ಗದ್ದೆ ಕೆಲಸಕ್ಕೆ ತಡವಾಗಿ ಅಲ್ಲಿ ಬೇರೆ ಬೈಗುಳ. ಒಂದು ದಿನ ನನ್ನ ಮಡಕೆಯ ಕಂಠ ಅವರ ಚೊಂಬಿಗೆ ತಾಕಿತು. ಚೊಂಬನ್ನು ಬೂದಿ ಹಾಕಿ ತೊಳೆದುಕೊಂಡರು, ಸರಿ. ನನ್ನ ಮಡಕೆಯ ಮೇಲೆ ಕಲ್ಲು ಎತ್ತಿ ಹಾಕಿದರು. ನೀರು ತುಂಬಿದ ಮಡಕೆ. ಅದೊಂದು ವಿಷಯದಲ್ಲಿ ಮಾತ್ರ ಗುರಿ ತಪ್ಪಲಿಲ್ಲ. ಅವತ್ತು ಬರಿಗೈಯಲ್ಲಿ ಮನೆಗೆ ಬಂದು ಅತ್ತೆ. ಸಿಟ್ಟಿಗೆ ಅತ್ತೆ.

ಹೀಗಿರುವಾಗ ಕೊಳಾಯಿ ತೊಟ್ಟಿಕ್ಕಲು ಶುರುವಾಯಿತು. ಚಿನ್ನಸ್ವಾಮಿ ಬಂದು ಕೊಳಾಯಿಯ ತಲೆ ಬಿಚ್ಚಿ ಒಳಗಿನಿಂದ ಸವೆದ ಬಿಲ್ಲೆಯೊಂದನ್ನು ತೆಗೆದು ಎಸೆದ. ಕಾಲಿನ ಹಳೆಯ ಚಪ್ಪಲಿ ಕಳಚಿ, ಅದರ ಅಟ್ಟೆಯನ್ನು ಚಾಕುವಿನಲ್ಲಿ ದುಂಡಗೆ ಕೊರೆಯುತ್ತ ಕೂತ. ಚನ್ನಾಜಮ್ಮನವರು ಅಲ್ಲೇ ಕಾವಲಿದ್ದರು, ಅವನ ಸಾಮಾನು ಹೊತ್ತು ಬಂದಿದ್ದ ಮಂಟೇಸ್ವಾಮಿ ಏನನ್ನಾದರೂ ಮುಟ್ಟಿಬಿಟ್ಟಾನು ಅಂತ.

"ಅದೇನಪ್ಪ ಅದು, ಎಕ್ಕಡ ಕುಯ್ತಾ ಇದ್ದೀಯೆ?"

"ವಾಷರ್ ಅಮ್ಮಾ. ತೊಗಲು. ಒಳಗೆ ಹಾಕ್ಬೇಕು."

"ಇಷ್ಟು ದಿನ ಒಳಗಿದ್ದುದ್ದು?"

"ಅದೂ ತೊಗಲೇ ಅಮ್ಮಾ. ಎಲ್ಲಾ ಕೊಳಾಯಿಯಲ್ಲೂ ತೊಗಲೇ."

ಆಕೆ ಬಾಳೆಯ ಗಿಡದ ಬುಡಕ್ಕೆ ಓಡಿಹೋಗಿ ವಾಂತಿ ಮಾಡಿದರು. ಆರು ತಿಂಗಳ ನೀರು. ಒಂದೇ ಸಲಕ್ಕೆ ಎಲ್ಲಿ ಬರುತ್ತದೆ? ಮೂರು ದಿನ ಉಪವಾಸ ಇದ್ದರು, ಮೈಗೆಲ್ಲ ವಿಭೂತಿ ಬಳಿದುಕೊಂಡರು. ನಾಲ್ಕನೆಯ ದಿನ ತಮ್ಮ ಪೂಜೆಯ ರೇಷ್ಮೆ ಪಟ್ಟೆಸೀರೆಯ ಸೆರಗು ಕತ್ತರಿಸಿ ಏಳು ಮಡಿಕೆ ಮಡಿಸಿ, ತೊಗಲಿನ ಬದಲು ಇದನ್ನು ಹಾಕು ಅಂತ ಕೊಟ್ಟರು. ಕೊಳಾಯಿಯನ್ನು ಪೈಪಿಗೆ ಕೂರಿಸುವ ಜಾಗದಲ್ಲಿದ್ದ ಸೆಣಬನ್ನೂ ಕಿತ್ತು ಹಾಕಿಸಿದರು, ಅದನ್ನು ಸುತ್ತಿದ್ದು ಹೊಲೆಯನ ಕೈ ಅಂತ. ಅದಕ್ಕೆ ಬದಲು ರೇಷ್ಮೆ ನೂಲು. ಹುಳವನ್ನು ಜೀವಸಹಿತ ಬೇಯಿಸಿ ತೆಗೆದ ನೂಲು ಮಡಿ, ತಾನಾಗಿ ಸತ್ತ ದನದ ತೊಗಲು ಮೈಲಿಗೆ. ಇದು ಯಾವ ದೇವರು ಮಾಡಿದ ಕಟ್ಟಳೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

"ನಿಲ್ಲೋದಿಲ್ಲ ಸ್ವಾಮೀ. ನಾನು ಮಾಡೋದಿಲ್ಲ" ಅಂದ ಚಿನ್ನಸ್ವಾಮಿ. ಬೀದಿಯಲ್ಲಿ ನೀರು ನಿಲ್ಲಿಸುವ ಬೀಗದ ಕೈ ಅವನ ಹತ್ತಿರ. ನೀರು ನಿಲ್ಲಿಸಿಕೊಟ್ಟು ಕೈ ಕಟ್ಟಿ ನಿಂತ. ಗುರುಮಲ್ಲಪ್ಪನವರೇ ಪಂಚೆ ಎತ್ತಿ ಕಟ್ಟಿಕೊಂಡು ಕೊಳಾಯಿ ತಿರುಗಿಸಿದರು. ಗೂಡು ಹಿಸುಕಿ ದರ ಹೇಳುವ ಕೈ ಅದು, ಕಬ್ಬಿಣಕ್ಕೆ ಅದೇನು ಗೊತ್ತು? ಓರೆಯಾಗಿ ಕೂತಿತು. ಚಿನ್ನಸ್ವಾಮಿ ನೀರು ಬಿಟ್ಟ. ಬೀಗದ ಕೈ ಚೀಲಕ್ಕೆ ಹಾಕಿಕೊಂಡು ಹನೂರಿನ ಪಂಪು ರಿಪೇರಿಗೆ ಹೊರಟುಹೋದ.

ರೇಷ್ಮೆ ಎಂಟು ದಿನ ತಡೆಯಿತು. ಅಷ್ಟು ತಡೆದದ್ದೇ ಹೆಚ್ಚು.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಹಿತ್ತಲ ಬಾಗಿಲಲ್ಲಿ ಮಡಕೆ ಇಟ್ಟುಕೊಂಡು ಕಾಯುತ್ತಿದ್ದೆ. ಚನ್ನಾಜಮ್ಮನವರು ಚೊಂಬು ಹಿಡಿದು ಬಂದು ಕೊಳಾಯಿ ತಿರುಗಿಸಿದ್ದೇ ತಡ, ಡಬ್ಬೆಂದು ಸದ್ದು. ಕೊಳಾಯಿ ಪೈಪಿನಿಂದ ಕಿತ್ತು ಹಾರಿ ಸ್ನಾನದ ಹಂಡೆಗೆ ಬಡಿದು ಮಣ್ಣಿಗೆ ಬಿತ್ತು. ನೀರು ಆಳೆತ್ತರಕ್ಕೆ ಚಿಮ್ಮಿತು. ಆಕೆ ತಲೆಯಿಂದ ಕಾಲಿನ ತನಕ ತೊಯ್ದು, "ಗುರಾ! ಲೇ ಗುರಾ!" ಅಂತ ಅರಚಿದರು.

ಗುರುಮಲ್ಲಪ್ಪನವರು ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಓಡಿ ಬಂದರು. ಹಿತ್ತಲ ಪಕ್ಕದ ಕೋಣೆ ಒಂದು ಮೆಟ್ಟಿಲು ತಗ್ಗು. ಅದರ ತುಂಬ ಸುತ್ತಣ ಹಳ್ಳಿಗಳಿಂದ ಕೊಂಡ ಗೂಡು, ನೆಲದಿಂದ ಸೊಂಟದೆತ್ತರ ರಾಶಿ. ನೀರು ಅತ್ತಲೇ ಹರಿಯಿತು. ಗೂಡು ನೆನೆದರೆ ಆ ಸಲದ ವ್ಯಾಪಾರ ಮುಗಿಯಿತು. ಆಳುಗಳೆಲ್ಲ ಗದ್ದೆಗೆ ಹೋಗಿದ್ದರು. ಬೀಗದ ಕೈ ಹನೂರಿನಲ್ಲಿ, ಸಂಜೆಯ ಬಸ್ಸಿಗೆ ಮುಂಚೆ ಬರುವುದಿಲ್ಲ. ಟ್ಯಾಂಕು ಭರ್ತಿ.

ಅವರು ಪೈಪಿನ ಬಾಯಿಗೆ ಟವಲು ತುರುಕಿದರು. ಟವಲು ಹಾರಿ ಬಾಳೆಗಿಡಕ್ಕೆ ಸಿಕ್ಕಿಕೊಂಡಿತು. ಅಂಗೈ ಒತ್ತಿದರು. ಪೈಪಿನ ತುದಿ ಗರಗಸದ ಹಾಗಿತ್ತು. "ಅಯ್ಯಪ್ಪಾ!" ಅಂತ ಕೈ ಕಿತ್ತುಕೊಂಡರು, ರಕ್ತ ಬಂದಿತ್ತು. ಮುಖದ ನೊರೆ ಕಣ್ಣಿಗೆ ಇಳಿಯಿತು. ನಗಬಾರದು ಅಂತ ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ.

"ಏನ್ ನೋಡ್ತಾ ನಿಂತಿದ್ದೀಯಮ್ಮಿ ಗರುಡಗಂಬದಂಗೆ? ಬಾ ಒಳಕ್ಕೆ!" ಅಂದರು ನನಗೆ.

"ಒಳಕ್ಕಾ ಬುದ್ದಿ? ಮೈಲ್ಗೆ ಆಗಕ್ಕಿಲ್ವಾ?"

"ಬಾ ಅಂದ್ರೆ ಬಾ!"

"ಅವ್ವೋರೂ ಒಂದ್ ಮಾತು ಯೋಳ್ಬುಡ್ಲಿ ಬುದ್ದಿ. ಆಮೇಲೆ ಇನ್ನೊಂದು ಮಡಕೆ ಒಡ್ದೋದೀತು."

ಚನ್ನಾಜಮ್ಮನವರು ಗೂಡಿನ ಕೋಣೆಯ ಕಡೆ ನೋಡಿದರು. ನೀರು ಹೊಸ್ತಿಲಿಗೆ ಬಂದಿತ್ತು. "ಬಾರಮ್ಮಿ" ಅಂದರು. ನನ್ನ ನಲವತ್ತು ವರ್ಷದಲ್ಲಿ ಆಕೆ ನನಗೆ 'ಬಾ' ಅಂದದ್ದು ಅದೇ ಮೊದಲು.

ಹೋಗಿ ಅಂಗೈ ಒತ್ತಿದೆ. ಹಲಗೆಯಂಥ ಅಂಗೈ ನನ್ನದು. ನೀರು ನಿಂತಿತು. ಹಿತ್ತಲು ಸುಮ್ಮನಾಯಿತು. ಗುರುಮಲ್ಲಪ್ಪನವರು ಉಸ್ಸಪ್ಪಾ ಅಂತ ಹಂಡೆಯ ಕಟ್ಟೆಗೆ ಕೂತರು.

ಆಗ ಚನ್ನಾಜಮ್ಮನವರಿಗೆ ಬುದ್ಧಿ ಬಂತು. "ಅಯ್ಯೋ ಶಿವನೇ! ನೀರ ಮುಟ್ಬುಟ್ಳಲ್ಲೋ! ಇಲ್ಲಿಂದ ಟ್ಯಾಂಕಿನ ಗಂಟ ಮೈಲ್ಗೆ ಆಯ್ತಲ್ಲೋ! ತಗಿಯೇ ಕೈಯ!"

ತೆಗೆದೆ. ದೊಡ್ಡವರ ಮಾತು ಮೀರಬಾರದು. ನೀರು ನೇರ ಗುರುಮಲ್ಲಪ್ಪನವರ ಎದೆಗೆ ಹೊಡೆಯಿತು.

"ಮಡಗೇ! ಮಡಗೇ ಕೈಯ!" ಅಂತ ಅವರು.

ಇಟ್ಟೆ.

"ತಗಿ ಅಂದ್ನಲ್ಲೇ!" ಅಂತ ಆಕೆ.

ತೆಗೆದೆ.

"ಅವ್ವಾ, ಬಾಯ್ ಮುಚ್ಕಂಡಿರವ್ವಾ! ಮಡಗಮ್ಮಿ, ನಿನ್ನ ದಮ್ಮಯ್ಯ ಅಂತೀನಿ, ಮಡಗು!"

ಇಟ್ಟೆ. "ಇಬ್ರೂ ಕೂತು ಒಂದ್ ಮಾತು ಗೊತ್ತು ಮಾಡ್ಕಳಿ ಬುದ್ದಿ. ನಂಗೆ ಎಂಗಾದ್ರೂ ಸರಿಯೇ" ಅಂದೆ.

"ನಿನ್ನ ಗಂಡನ್ನ ಕರ್ಸ್ತೀನಿ. ಬಂದು ಕೊಳಾಯಿ ಸಿಗಿಸ್ಲಿ ಅತ್ತಾಗೆ" ಅಂದರು ಗುರುಮಲ್ಲಪ್ಪನವರು. ಚನ್ನಾಜಮ್ಮನವರ ಸೊಸೆ ಬೀದಿ ಬಾಗಿಲಿಗೆ ಹೋಗಿ ಹೇಳಿ ಕಳಿಸಿದಳು.

ಆಗ ನನಗೆ ಒಂದು ಹೊಳೆಯಿತು. ಈ ಕೈ ಇಲ್ಲಿರುವ ತನಕ ಇವರು ಬೈಯಬಹುದು, ಹೊಡೆಯುವ ಹಾಗಿಲ್ಲ. ನಾಳೆ ಬಂದು ಗುಡಿಸಲು ಕಿತ್ತರೆ? ಕೂಲಿ ನಿಲ್ಲಿಸಿದರೆ? ಆದರೆ ಒಡೆದ ಮಡಕೆಯ ನೀರು ಮಣ್ಣಿಗೆ ಇಂಗಿದ್ದು ಕಣ್ಣ ಮುಂದೆ ಬಂತು. ಸುಮ್ಮನಿರಲಾಗಲಿಲ್ಲ.

"ಸಿಗಿಸ್ತಾನೆ ಬುದ್ದಿ. ಆದ್ರೆ ಇಲ್ಲಿಗಲ್ಲ. ಕೇರಿ ಮುಂದ್ಕೆ."

"ಏನಂದೆ?"

"ಕೇರಿ ಕೊಳಾಯಿ ಕೇರೀಗೆ ಅಂದೆ."

"ಯಾವಳೇ ಏಳ್ದೋಳು ಅದು ಕೇರೀದು ಅಂತ?"

"ಕಾಗದ್ದಲ್ಲಿ ಬರ್ದಿತ್ತಂತೆ."

"ನಿಂಗೆ ಓದಕ್ಕೆ ಬತ್ತದಾ?"

"ಓದಕ್ಕೆ ಬರಕ್ಕಿಲ್ಲ ಬುದ್ದಿ, ಗುಂಡಿ ತೋಡಕ್ಕೆ ಬತ್ತದ. ಮೊದ್ಲು ಎಲ್ಲಿ ತೋಡ್ಸಿದ್ರಿ ಅಂತ ನನ್ನ ಕೈಗೆ ಗೊತ್ತದ. ಅಲ್ಲಿ ಪೈಪು ನಿಂತದ, ಬಿರಡೆ ಆಕಂಡು."

ಅವರ ದನಿ ಮೆತ್ತಗಾಯಿತು. "ಆಯ್ತು ಕನಮ್ಮಿ. ನಾಳೆ ಪಂಚಾಯ್ತೀಲಿ ಮಾತಾಡ್ತೀನಿ. ಈಗ ಸಿಗಿಸ್ಲಿ."

"ನಾಳೆ ಗಂಟ ನನ್ನ ಕೈ ತಡಿಯಕ್ಕಿಲ್ಲ ಬುದ್ದಿ" ಅಂದು ಕಿರುಬೆರಳು ಎತ್ತಿದೆ. ಒಂದೇ ಬೆರಳು. ಸಣ್ಣ ಎಳೆಯ ನೀರು ಹೋಗಿ ಕೋಣೆಯ ಹೊಸ್ತಿಲ ಮೇಲೆ ಬಿತ್ತು. ಹೊಸ್ತಿಲ ಬದಿಯ ಗೂಡು ನಾಲ್ಕಾರು ಒದ್ದೆಯಾದವು. ಗುರುಮಲ್ಲಪ್ಪನವರು ತಾವೇ ಒದ್ದೆಯಾದವರ ಹಾಗೆ ಕಿರುಚಿದರು.

"ಹೊಲತಿಗೆ ಇಷ್ಟು ಕೊಬ್ಬಾ? ನಿನ್ನ ಕೈ ಮುರೀತೀನಿ!"

"ಮುರೀರಿ ಬುದ್ದಿ. ಮುರಿದ್ರೆ ಕೈ ಬಿದ್ದೋಯ್ತದ. ಕೈ ಬಿದ್ರೆ ನೀರು ಬತ್ತದ."

ಕೊನೆಗೆ ತೀರ್ಮಾನ ಕೊಟ್ಟವರು ಚನ್ನಾಜಮ್ಮನವರೇ. "ಕೊಟ್ಟು ಸಾಯ್ಲಾ ಅತ್ಲಾಗೆ! ಎಕ್ಕಡದ ತುಂಡಿನ ಕೊಳಾಯಿ ನಮಗ್ಯಾಕಲಾ? ಅವುಕ್ಕೇ ಸರಿ ಅದು! ನಮಗೆ ಬಾವಿ ಇಲ್ವಾ?" ಅಂದರು. ನಮಗೆ ಬೇಕಾದ ಮಾತು ಯಾವ ಬಾಯಿಂದ, ಯಾವ ಕಾರಣಕ್ಕೆ ಬಂದರೇನು, ಬಂದರೆ ಸಾಕು.

ಅಷ್ಟರಲ್ಲಿ ಮಂಟೇಸ್ವಾಮಿ ಬಂದ. ಬಾಗಿಲ ಹೊರಗೆ, ಕಂಕುಳಲ್ಲಿ ಪೈಪು ತಿರುಗಿಸುವ ರೆಂಚು. ಹಿತ್ತಲೊಳಗೆ ನನ್ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಆ ಕೊಳಾಯಿ ಎತ್ಕ" ಅಂದೆ. "ಕೇರೀಗೋಗಿ ಬಿರಡೆ ಬುಚ್ಚಿ ಅಲ್ಲಿಗೆ ಸಿಗಿಸು. ಸರ್ಯಾಗಿ ವಾಷರ್ ಆಕು, ಸೆಣಬು ಸುತ್ತು. ನೀರು ಬುಟ್ಟು ನೋಡು. ಆಮೇಲೆ ಆ ಬಿರಡೆ ತಕಂಡು ಇಲ್ಲಿಗೆ ಬಾ. ಅಲ್ಲಿ ನೀರು ಬಂದ್ಮೇಲೇ ನಾನು ಕೈ ತಗಿಯಾದು."

ಅವನು ಧಣಿಗಳ ಮುಖ ನೋಡಿದ. ಧಣಿಗಳು ಗೂಡಿನ ರಾಶಿ ನೋಡಿದರು. "ಓಗಲಾ, ಬ್ಯಾಗ ಓಗು" ಅಂದರು.

ಅವನು ಹೋದ ಮೇಲೆ ನಾನೊಬ್ಬಳೇ ಬಗ್ಗಿ ನಿಂತಿದ್ದೆ. ತಮಾಷೆ ಅಂತ ತಿಳಿಯಬೇಡಿ. ಪೈಪಿನ ಬಾಯಿ ಅಂಗೈಯನ್ನು ಕೊರೆಯುತ್ತಿತ್ತು. ನೀರು ಒಳಗಿನಿಂದ ನೂಕುತ್ತಿತ್ತು. ತಣ್ಣಗಿನದು ಮೊಣಕೈ ತನಕ ಏರಿ ಬೆರಳು ಇದೆಯೋ ಇಲ್ಲವೋ ತಿಳಿಯದಾಯಿತು. ಸೊಂಟ ಬಿದ್ದುಹೋಯಿತು. ಕೈ ಬದಲಿಸುವ ಹಾಗಿಲ್ಲ. ಗುರುಮಲ್ಲಪ್ಪನವರು ಹೊಸ್ತಿಲಿಗೆ ಗೋಣಿ ಒತ್ತುತ್ತ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಸಲ, "ನೋಯ್ತದಾ?" ಅಂದರು. ನನ್ನ ಮೇಲಿನ ಕನಿಕರವಲ್ಲ, ಗೂಡಿನ ಮೇಲಿನದು. ಆದರೂ ಕೇಳಿದರಲ್ಲ, ಇರಲಿ.

ಚನ್ನಾಜಮ್ಮನವರು ದೂರದ ಕಲ್ಲಿನ ಮೇಲೆ ಕೂತು ಸೀರೆ ಹಿಂಡಿಕೊಳ್ಳುತ್ತಿದ್ದರು. ಸುಮ್ಮನಿರಲಾರದ ಜೀವ.

"ಆ ಸೆಣಬು ಅಂದ್ಯಲ್ಲ, ಅದ ಎಂಗೆ ಸುತ್ತಾದು?"

"ಬಾಯಿಗಾಕಿ ನೆನ್ಸಿ ಸುತ್ತಾದು ಅವ್ವೋರೆ."

"ಯಾರ ಬಾಯಿಗೆ?"

"ನಮ್ಮ ಮಂಟೇಸ್ವಾಮಿ ಬಾಯಿಗೆ."

ಆಕೆ ಹಿಂಡುತ್ತಿದ್ದ ಸೆರಗು ಕೈಬಿಟ್ಟರು. "ಇಲ್ಲಿದ್ದುದ್ದ ನಾನು ಕೀಳ್ಸಿಬುಟ್ಟೆ, ಬುಡು."

"ಇಲ್ಲೀದು ಒಂದೇಯಾ ಅವ್ವೋರೆ. ದಾರೀಲಿ ನೂರಿಪ್ಪತ್ತು ಅವೆ."

"ಟ್ಯಾಂಕಿಂದ್ಲೂವಾ?"

"ಟ್ಯಾಂಕಿಂದ್ಲೂವಾ."

"ಎಲೆಯಡಿಕೆ ಆಕತನಾ ಅಂವ?"

"ಯಾವಾಗ್ಲೂ ಬಾಯಲ್ಲೇ ಇರ್ತದ ಅವ್ವೋರೆ."

ಆಕೆ ಎದ್ದು ಮತ್ತೆ ಬಾಳೆಗಿಡದ ಕಡೆ ಹೋದರು.

ಎಷ್ಟು ಹೊತ್ತಾಯಿತೋ. ಕಣ್ಣು ಕತ್ತಲೆ ಬರುತ್ತಿತ್ತು. ಇನ್ನು ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಅಂದುಕೊಳ್ಳುವಾಗ ಅಂಗೈಯ ಕೆಳಗೆ ನೀರು ಸಡಿಲವಾಯಿತು. ನೂಕುವುದು ಕಡಿಮೆಯಾಯಿತು. ಮೊದಲು ನನ್ನ ಕೈಗೇ ಜೀವ ಹೋಯಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು. ನೀರು ಬೇರೆ ದಾರಿ ಹಿಡಿದಿದೆ. ಕೇರಿಯಲ್ಲಿ ಕೊಳಾಯಿ ತೆರೆದಿದ್ದಾರೆ. ಊರಿನಲ್ಲಿ ಇನ್ನೂ ಯಾರಿಗೂ ತಿಳಿಯದ ಸುದ್ದಿ ನನ್ನ ಅಂಗೈಗೆ ತಿಳಿದಿತ್ತು. ನಾನು ಅಲ್ಲೇ, ಧಣಿಗಳ ಹಿತ್ತಲಲ್ಲಿ, ಗಟ್ಟಿಯಾಗಿ ನಕ್ಕುಬಿಟ್ಟೆ.

ಮಂಟೇಸ್ವಾಮಿ ಬಿರಡೆ ಹಿಡಿದುಕೊಂಡು ಓಡಿ ಬಂದ. ತಲೆಯಿಂದ ನೀರು ಸೋರುತ್ತಿತ್ತು. ವಾಷರಿಗೆ ತನ್ನ ಚಪ್ಪಲಿಯನ್ನೇ ಕೊರೆದಿದ್ದನಂತೆ. ನಾನು ಕೈ ಸರಿಸಿದೆ, ಅವನು ಬಿರಡೆ ಇಟ್ಟು ತಿರುಗಿಸಿದ. ಒಂದು ಹನಿ ಆಚೆ ಬರಲಿಲ್ಲ. ನನ್ನ ಅಂಗೈ ನಡುವೆ ಪೈಪಿನ ಬಾಯಿ ದುಂಡಗೆ ಅಚ್ಚೊತ್ತಿತ್ತು. ನಾವು ಹಿತ್ತಲು ದಾಟುವ ಮೊದಲೇ ಚನ್ನಾಜಮ್ಮನವರು ಹಿತ್ತಲು ತೊಳೆಯಬೇಕು ಅಂತ ಸೊಸೆಯನ್ನು ಬಾವಿಗೆ ಅಟ್ಟಿದರು.

ಕೊಟ್ಟ ಮಾತು ಗೂಡು ಒಣಗುವ ತನಕ. ಮಾರನೆಯ ದಿನ ಬೆಳಿಗ್ಗೆ ಗುರುಮಲ್ಲಪ್ಪನವರು ಪಂಚಾಯ್ತಿ ಜವಾನ ಗುರುಸಿದ್ದಯ್ಯನನ್ನು ಕರೆದುಕೊಂಡು ಕೇರಿಗೆ ಬಂದರು. ಅಂಗೈಗೆ ಬಟ್ಟೆ ಕಟ್ಟಿದ್ದರು. ಬೇವಿನ ಮರದ ಕೆಳಗೆ ಕೇರಿಯ ಹೆಂಗಸರೆಲ್ಲ ಇದ್ದೆವು.

"ಪಂಚಾಯ್ತಿ ಸಾಮಾನ ಕಿತ್ತಿದ್ದೀರಿ. ಕೇಸಾಯ್ತದೆ" ಅಂದರು. "ಗುರುಸಿದ್ದಯ್ಯ, ಬಿಚ್ಕಳಯ್ಯ ಕೊಳಾಯ್ನ."

ನಮ್ಮ ಅತ್ತೆ ಆಗ ಕೊಳಾಯಿಯ ಬಾಯಿಗೆ ಬಾಯಿ ಕೊಟ್ಟು ನೀರು ಕುಡಿಯುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಮುದುಕಿಗೆ ಬೊಗಸೆ ನಿಲ್ಲುವುದಿಲ್ಲ. ಕುಡಿದು, ಬಾಯಿ ಒರೆಸಿಕೊಂಡು, ದಾರಿ ಬಿಟ್ಟಳು.

"ಬುಚ್ಕಳಿ ಸ್ವಾಮಿ" ಅಂದೆ ನಾನು. "ನಿನ್ನೆಯಿಂದ ಕೇರಿಯೋರೆಲ್ಲ ಮುಟ್ಟವ್ರೆ. ಒಳಗೆ ಇರಾದು ನನ್ನ ಗಂಡನ ಎಕ್ಕಡ. ಸುತ್ತ ಅವನ ಎಂಜ್ಲು. ಬುಚ್ಕಂಡು ಧಣೇರ ಇತ್ಲಿಗೆ ಸಿಗ್ಸಿ."

ಗುರುಸಿದ್ದಯ್ಯ ಕೊಳಾಯಿ ನೋಡಿದ. ಬೇವಿನ ಮರ ನೋಡಿದ. "ಕಾಗದ ತಲುಪ್ಸೋ ಕೆಲಸ ಇದ್ರೆ ಯೋಳಿ ಬುದ್ದಿ" ಅಂದು ನಾಲ್ಕು ಹೆಜ್ಜೆ ಹಿಂದೆ ಹೋದ. ಗುರುಮಲ್ಲಪ್ಪನವರು ತಾವೇ ಕೈ ಮುಂದೆ ಚಾಚಿದರು. ಹಿತ್ತಾಳೆಯ ಮೇಲೆ ಮುದುಕಿಯ ಬಾಯಿಯ ನೀರು ಇನ್ನೂ ಹೊಳೆಯುತ್ತಿತ್ತು. ಚಾಚಿದ ಕೈ ಹಾಗೇ ನಿಂತು, ಹಿಂದಕ್ಕೆ ಹೋಯಿತು.

"ಲೇ ಮಂಟೇಸ್ವಾಮಿ! ಬಿಚ್ಚಲಾ ನೀನು!"

ನನ್ನ ಗಂಡ ಒಳ್ಳೆಯವನು. ಆದರೆ ಹೆದರುಪುಕ್ಕಲ. ಧಣಿಗಳ ದನಿ ಕೇಳಿದರೆ ಕೈ ತಾನಾಗಿಯೇ ಮುಗಿದುಕೊಳ್ಳುತ್ತದೆ. ಅವನು ರೆಂಚು ಹಿಡಿದು ಮುಂದೆ ಬಂದಾಗ ಎಲ್ಲ ಹೋಯಿತು ಅಂದುಕೊಂಡೆ.

ಅವನು ಕೊಳಾಯಿಯ ಹತ್ತಿರ ಹೋಗಲಿಲ್ಲ. ಧಣಿಗಳ ಮುಂದೆ ನಿಂತ.

"ನಾನು ಬುಚ್ಚಕ್ಕಿಲ್ಲ ಬುದ್ದಿ" ಅಂದ. "ಬೇಕಾದ್ರೆ ನೀವೇ ಬುಚ್ಕಳಿ. ತಕಳಿ ರೆಂಚು."

ಕೈ ಚಾಚಿ ಹಿಡಿದ.

ನಮ್ಮ ಕೈಯಿಂದ ಅವರ ಕೈಗೆ ಯಾವತ್ತೂ ಏನೂ ಹೋಗುವುದಿಲ್ಲ. ನಾವು ನೆಲಕ್ಕಿಡಬೇಕು, ಹಿಂದಕ್ಕೆ ಸರಿಯಬೇಕು, ಅವರು ತೆಗೆದುಕೊಳ್ಳಬೇಕು. ಕೊಡಲಿಯಾದರೂ ಹಾಗೇ, ಕುಡುಗೋಲಾದರೂ ಹಾಗೇ. ಗುರುಮಲ್ಲಪ್ಪನವರು ಕಾದರು. ಮಂಟೇಸ್ವಾಮಿ ಬಗ್ಗಲಿಲ್ಲ.

"ನೆಲಕ್ಕೆ ಮಡಗಲಾ" ಅಂದರು.

"ಇಲ್ಲ ಬುದ್ದಿ. ಕೈಯಿಂದ್ಲೇ ತಕಳಿ."

ಗುರುಮಲ್ಲಪ್ಪನವರ ಮುಖ ಕೆಂಪಾಯಿತು. ತಿರುಗಿ ಹೊರಟರು. ಗುರುಸಿದ್ದಯ್ಯ ಅವರ ಹಿಂದೆ.

ಅವರು ಪೇಟೆಯ ತಿರುವಿನಲ್ಲಿ ಮರೆಯಾದ ಮೇಲೂ ಮಂಟೇಸ್ವಾಮಿ ಕೈ ಚಾಚಿಕೊಂಡೇ ನಿಂತಿದ್ದ.

"ಕೈ ಇಳ್ಸು, ಓದ್ರು" ಅಂದೆ.

"ಇರು, ತಿರುಗಿ ಬಂದಾರು" ಅಂದ. ಇಳಿಸಲಿಲ್ಲ.